ಎಡಗೈ ಬಿಟ್ಟುಕೊಟ್ಟ ಪೇಟಿ

ನಮ್ಮ ಕಡೆ ಹಾರ್ಮೋನಿಯಂ ಅಂದರೆ ಪೇಟಿ. ಮಾನ್ವಿಯ ನಮ್ಮ ಮನೆಯ ಪೇಟಿ ಅಜ್ಜನ ಕಾಲದ್ದು. ನಡುವಿನ ಸಪ್ತಕದ ಬಿಳಿ ಮನೆಗಳು ಬೆರಳಿನ ಜಿಡ್ಡು ಕುಡಿದು ಹಳದಿಯಾಗಿವೆ, ಒಂದೆರಡು ಕಡೆ ಕುಳಿ ಕೂಡ ಬಿದ್ದಿವೆ. ಎಡಗಡೆಯ ಮಂದ್ರದ ಮನೆಗಳು ಮಾತ್ರ ನಿನ್ನೆ ಅಂಗಡಿಯಿಂದ ತಂದಷ್ಟು ಬೆಳ್ಳಗಿವೆ. ಮೂರು ತಲೆಮಾರು ಬಾರಿಸಿದರೂ ಅಲ್ಲಿಗೆ ಯಾರ ಬೆರಳೂ ಹೋಗಿಲ್ಲ. ಎಡಗೈ ಹಿಂದೆ ತಿದಿ ಒತ್ತುತ್ತಿತ್ತು.

ಇದು ನನ್ನ ಕಣ್ಣಿಗೆ ಬಿದ್ದದ್ದು ಹೋದ ದಸರಾ ರಜೆಯಲ್ಲಿ, ಬೆಂಗಳೂರಿನಿಂದ ಬಂದ ಅಣ್ಣನ ಮಗ ಪೇಟಿಯ ಮುಂದೆ ಕೂತಾಗ. ಅವನಿಗೆ ಜಪಾನಿನ ಅನಿಮೆ ಕಾರ್ಟೂನುಗಳ ಹುಚ್ಚು. ಮೊಬೈಲಿನಲ್ಲಿ ಯಾವುದೋ ಸರಣಿಯ ಶೀರ್ಷಿಕೆ ಗೀತೆ ಹಚ್ಚಿ, ಬಲಗೈಯ ಮೂರು ಬೆರಳು ಒಮ್ಮೆಗೇ ಊರಿ ನಾಲ್ಕು ಸಲ ಜಾಗ ಬದಲಿಸಿದ. ಆಮೇಲೆ ಕೇಳಿದ: “ಕಾಕಾ, ಇದರಾಗ ಸಾ ಎಲ್ಲದ ಹೇಳ್ರಿ?”

ನಾನು ತಡವರಿಸಿದೆ. ಓದುಗರೂ ಒಮ್ಮೆ ಒತ್ತಿ ನೋಡಬಹುದು. ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಬಿಳಿ ಮನೆಗಳಷ್ಟೇ ಸಾಕು. ಮೊದಲು ಮ-ಧ-ಸ, ಆಮೇಲೆ ಪ-ನಿ-ರಿ, ಆಮೇಲೆ ಗ-ಪ-ನಿ, ಕೊನೆಗೆ ಧ-ಸ-ಗ. ಮತ್ತೆ ಮೊದಲಿಂದ. ಹೀಗೆ ಒಟ್ಟಿಗೆ ಒತ್ತಿದ ಸ್ವರಗಳ ಗುಂಪೇ ಕಾರ್ಡ್. ಮೊದಲ ಕಾರ್ಡಿನಲ್ಲೂ ಕೊನೆಯದರಲ್ಲೂ ಷಡ್ಜ ಉಂಟು, ಆದರೆ ಅತಿಥಿಯ ಹಾಗೆ. ಬುಡದಲ್ಲಿ ಎಲ್ಲೂ ಕೂರುವುದಿಲ್ಲ. ಸ-ಗ-ಪ ಎಂಬ ಮನೆಯ ಕಾರ್ಡ್ ಬರುವುದೇ ಇಲ್ಲ. ಬಾಗಿಲ ತನಕ ಬಂದು, ಒಳಗೆ ಕಾಲಿಡದೆ, ಓಣಿಯಲ್ಲಿ ಇನ್ನೊಂದು ಸುತ್ತು ಹೊಡೆದ ಹಾಗೆ. ಜಪಾನಿನ ಸಂಗೀತಗಾರರು ಈ ನಾಲ್ಕು ಹೆಜ್ಜೆಯ ನಡೆಗೆ ‘ಓದೋ ಶಿಂಕೋ’ ಅನ್ನುತ್ತಾರೆ. ಅಂದರೆ ರಾಜಮಾರ್ಗದ ನಡೆ. ಕವಿರಾಜಮಾರ್ಗ ಹುಟ್ಟಿದ ಸೀಮೆಯವರಾದ ನಮಗೆ ಆ ಹೆಸರಾದರೂ ಪರಕೀಯ ಅನ್ನಿಸಬಾರದು.

ಈ ನಡೆ ಜಪಾನಿನ ಸ್ವಂತ ಆಸ್ತಿಯೇನಲ್ಲ. 1987ರಲ್ಲಿ ಇಂಗ್ಲೆಂಡಿನ ರಿಕ್ ಆ್ಯಸ್ಲಿ ಹಾಡಿ ಜಗತ್ತೆಲ್ಲ ಕುಣಿದ ಹಾಡಿನ ಪಲ್ಲವಿಯ ಬುಡವೂ ಇದೇ. ಆದರೆ ಇದನ್ನು ಒಂದು ಪಂಥದ ಗುರುತಾಗಿ ಮಾಡಿಕೊಂಡವರು ಜಪಾನಿನ ಪಾಪ್ ಮತ್ತು ಅನಿಮೆ ಸಂಗೀತದವರು. ಅದಕ್ಕೆ ಕಾರಣವೂ ಇದೆ. ಟಿವಿ ಸರಣಿಯ ಶೀರ್ಷಿಕೆ ಗೀತೆಗೆ ಸಿಗುವುದು ಒಂದೂವರೆ ನಿಮಿಷ. ಅಷ್ಟರಲ್ಲಿ ನಾಯಕನ ಅನಾಥತನ, ಗೆಳೆತನ, ಯುದ್ಧ, ಮರಳಿ ಬಾರದ ಊರು ಎಲ್ಲವೂ ಬಂದು ಹೋಗಬೇಕು. ಮಾತಿಗೆ ಅಷ್ಟು ಪುರಸೊತ್ತಿಲ್ಲ, ಆದ್ದರಿಂದ ಬುಡದ ಕಾರ್ಡು ಕಥೆ ಹೇಳಬೇಕು. ಮೇಲೆ ಗಾಯಕಿ ಒಂದೇ ಗಾಂಧಾರವನ್ನು ಹಿಡಿದು ನಿಲ್ಲಲಿ. ಮೊದಲ ಕಾರ್ಡಿನ ಮೇಲೆ ಅದು ತುಂಬಿ ಬಂದ ಕಣ್ಣು, ಎರಡನೆಯದರ ಮೇಲೆ ಎತ್ತಿದ ಹೆಜ್ಜೆ, ಮೂರನೆಯದರಲ್ಲಿ ಅದೇ ನೆಲ, ನಾಲ್ಕನೆಯದರಲ್ಲಿ ಆ ನೆಲವೇ ಕಪ್ಪಿಟ್ಟಂತೆ. ಸ್ವರ ಅಲುಗಾಡಿಲ್ಲ, ಅರ್ಥ ನಾಲ್ಕು ಸಲ ಬದಲಾಯಿತು.

ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು. ನೆಲ ಅಲುಗಾಡುವುದಿಲ್ಲ, ಸ್ವರ ಅಲುಗಾಡುತ್ತದೆ. ಮಾನ್ವಿಯಂಥ ಊರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿಯೇ ಇದ್ದು 1809ರಲ್ಲಿ ತೀರಿಕೊಂಡ ಜಗನ್ನಾಥದಾಸರು ಹರಿಕಥಾಮೃತಸಾರವನ್ನು ಭಾಮಿನಿ ಷಟ್ಪದಿಯಲ್ಲಿ ಕಟ್ಟಿದರು. ವಿಜಯದಾಸರು ಇದೇ ಸೀಮೆಯ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಇವರ ಪದಗಳನ್ನು ತಾಳ, ತಂಬೂರಿ ಹಿಡಿದು ಹಾಡಿದವರಿಗೆ ಬುಡದಲ್ಲಿ ಬೇಕಾದದ್ದು ಒಂದೇ, ಕದಲದ ಷಡ್ಜ. ಏಕತಾರಿ ಹಿಡಿದು ತತ್ವಪದ ಹೇಳುವವರಿಗೂ ಅಷ್ಟೇ.

ಕೇಳಿ ನೋಡಿದರೆ ಆ ಷಡ್ಜವೂ ಒಂಟಿಯಲ್ಲ. ಚೆನ್ನಾಗಿ ಜವಾರಿ ಕೂಡಿದ ತಂಬೂರಿಯ ಷಡ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರವೊಂದು ಹೊಮ್ಮುತ್ತದೆ. ಪಂಚಮದ ತಂತಿ ಹೇಗೂ ಇದೆ. ಸ-ಗ-ಪ! ನಮ್ಮ ಸಂಗೀತದಲ್ಲಿ ಕಾರ್ಡೇ ಇಲ್ಲ ಎನ್ನುವವರು ಇಡೀ ಕಛೇರಿ ಒಂದೇ ಕಾರ್ಡಿನ ಮಡಿಲಲ್ಲಿ ಕೂತಿರುತ್ತಾರೆ. ಅನಿಮೆ ಹಾಡು ಬೇಕೆಂದೇ ತಪ್ಪಿಸಿಕೊಂಡು ತಿರುಗುವ ಮನೆಯಿಂದ ನಮ್ಮವರು ಹೊಸ್ತಿಲು ದಾಟಿ ಹೊರಗೆ ಕೂಡ ಬರುವುದಿಲ್ಲ.

ಹಾಗಾದರೆ ಮೂರು ಸ್ವರ ಒಟ್ಟಿಗೆ ಒತ್ತಲಿಕ್ಕೆಂದೇ ಹುಟ್ಟಿದ ಪೇಟಿ ನಮ್ಮ ದೇವರ ಮನೆಗೆ ಬಂದು ಏನು ಮಾಡಿತು? 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ದೆಬೈನ್ ಹಾರ್ಮೋನಿಯಮ್ಮಿಗೆ ಪೇಟೆಂಟ್ ಪಡೆದಾಗ ಅದು ಕುರ್ಚಿಯಲ್ಲಿ ಕೂತು ಕಾಲಿಂದ ತಿದಿ ತುಳಿಯುವ ವಾದ್ಯ. ಎರಡೂ ಕೈ ಖಾಲಿ; ಬಲಗೈ ಹಾಡಿಗೆ, ಎಡಗೈ ಕಾರ್ಡಿಗೆ. 1875ರ ಸುಮಾರಿಗೆ ಕಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಬಾರಿಸುವಂತೆ ಸಣ್ಣದು ಮಾಡಿದರು. ತಿದಿ ಬೆನ್ನಿಗೆ ಬಂತು, ಎಡಗೈ ಕಮ್ಮಾರನ ಕೆಲಸಕ್ಕೆ ಹೋಯಿತು. ಕಾರ್ಡುಗಳ ಈ ಹಾರ್ಮನಿ ನಮಗೆ ಬೇಡವಾದದ್ದರಿಂದ ಎಡಗೈ ಬಿಟ್ಟುಕೊಟ್ಟೆವೋ, ಎಡಗೈ ಹೋದದ್ದರಿಂದ ಹಾರ್ಮನಿ ಹೋಯಿತೋ? ಮೊದಲನೆಯದೇ ಹೆಚ್ಚು ನಿಜ ಅಂತ ನನಗೆ ತೋರುತ್ತದೆ. ಕಂಪನಿ ನಾಟಕದವರು ಕಾಲಿಂದ ತುಳಿಯುವ ದೊಡ್ಡ ಪೇಟಿಯನ್ನೇ ಇಟ್ಟುಕೊಂಡಿದ್ದರು. ಸಿಕ್ಕ ಎಡಗೈಯನ್ನು ಅವರು ಬಳಸಿದ್ದು ಬಹುಪಾಲು ಅದೇ ಹಾಡನ್ನು ಕೆಳಗಿನ ಸಪ್ತಕದಲ್ಲಿ ದನಿಗೂಡಿಸಿ ಕೊನೆಯ ಬೆಂಚಿಗೆ ಮುಟ್ಟಿಸಲಿಕ್ಕೆ.

ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಜಪಾನಿನಲ್ಲಿ ನಡೆದದ್ದೇ ಬೇರೆ. 1879ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಸಂಗೀತಕ್ಕೆಂದೇ ಒಂದು ಕಚೇರಿ ತೆರೆದು, ಮರುವರ್ಷ ಅಮೆರಿಕದಿಂದ ಲೂಥರ್ ಮೇಸನ್ ಎಂಬ ಮೇಷ್ಟ್ರನ್ನು ಕರೆಸಿ, ಶಾಲೆಯ ಹಾಡುಗಳನ್ನು ಮಾಡಿಸಿತು. 1887ರಲ್ಲಿ ಹಮಾಮಾತ್ಸು ಎಂಬ ಊರಿನ ಶಾಲೆಯ ಕೆಟ್ಟ ಆರ್ಗನ್ ಒಂದನ್ನು ರಿಪೇರಿ ಮಾಡಿದ ತೊರಾಕುಸು ಯಮಹಾ ತಾನೇ ಅಂಥದ್ದನ್ನು ಕಟ್ಟಲು ನಿಂತರು. ನಮ್ಮ ಪೇಟಿಯ ದಾಯಾದಿಯೇ ಅದು. ಆದರೆ ತುಳಿಯುವುದು ಕಾಲು, ಎರಡೂ ಕೈ ಮನೆಗಳ ಮೇಲೆ. ಶಾಲೆಯ ಮಕ್ಕಳು ಹಾಡನ್ನು ಕಾರ್ಡಿನ ಮೇಲೆ ಕಲಿಯತೊಡಗಿದರು. ಹಾಡಿನ ಸ್ವರಗಳು ಮಾತ್ರ ನಮಗೂ ಗುರುತಿನವು. ನಾಲ್ಕನೆಯದನ್ನೂ ಏಳನೆಯದನ್ನೂ ಬಿಟ್ಟ ಅವರ ‘ಯೋನನುಕಿ’ ಅಂದರೆ ನಮ್ಮ ಭೂಪ್, ದಕ್ಷಿಣದವರ ಮೋಹನ. ಹಯಾವೊ ಮಿಯಾಝಾಕಿಯ ಚಿತ್ರಗಳಿಗೆ ಸಂಗೀತ ಕೊಟ್ಟ ಜೋ ಹಿಸೈಶಿಯ ಹಾಡುಗಳಲ್ಲಿ ಎಷ್ಟೋ ಕಡೆ ಮೇಲಿರುವುದು ಮಗು ಗುನುಗಬಹುದಾದ ಇಂಥದೇ ನಾಲ್ಕೈದು ಸ್ವರ. ಕೆಳಗಿನ ಕಾರ್ಡು ಮಾತ್ರ ಮುದುಕರದ್ದು, ಎಲ್ಲ ಕಂಡದ್ದು. 1988ರ ಟೊಟೊರೊ, 2001ರ ಸ್ಪಿರಿಟೆಡ್ ಅವೇ ಮಕ್ಕಳ ಚಿತ್ರಗಳಾಗಿಯೂ ದೊಡ್ಡವರ ಗಂಟಲು ಕಟ್ಟಿಸುವುದು ಈ ವಯಸ್ಸಿನ ಅಂತರದಿಂದ.

ನೆಲ ಬದಲಿಸಿ ಸ್ವರದ ಅರ್ಥ ಬದಲಿಸುವ ಈ ಗುಟ್ಟು ನಮಗೆ ತೀರ ಗೊತ್ತಿಲ್ಲದ್ದೂ ಅಲ್ಲ. ಗ್ರಹಭೇದ ಎಂಬ ಸಲಕರಣೆ ನಮ್ಮಲ್ಲುಂಟು. ಮೋಹನದ ಸ್ವರಗಳನ್ನೇ ಇಟ್ಟುಕೊಂಡು ರಿಷಭವನ್ನು ಷಡ್ಜವೆಂದರೆ ಮಧ್ಯಮಾವತಿ, ಗಾಂಧಾರವನ್ನು ಷಡ್ಜವೆಂದರೆ ಹಿಂದೋಳ, ಪಂಚಮವನ್ನಾದರೆ ಶುದ್ಧ ಸಾವೇರಿ. ರಾಜಮಾರ್ಗದ ನಡೆ ಮಾಡುವುದೂ ಒಂದು ಬಗೆಯಲ್ಲಿ ಇದನ್ನೇ, ಕೆಲವೇ ಮಾತ್ರೆಗೊಮ್ಮೆ ನೆಲ ಬದಲಿಸುವುದು. ನಮ್ಮ ವಿದ್ವಾಂಸರು ಅದನ್ನು ಕಛೇರಿಯ ನಡುವೆ ಒಂದು ಚಮತ್ಕಾರವಾಗಿ ತೋರಿಸಿ, ಚಪ್ಪಾಳೆ ಮುಗಿಯುವ ಮೊದಲೇ ಮನೆಗೆ ಮರಳಿಬಿಡುತ್ತಾರೆ.

ಪೇಟಿಯ ಪರಂಪರೆಯನ್ನು ಹೀಗಂತ ಹಳಿಯಲಾರೆ. ನಮ್ಮ ಜಿಲ್ಲೆಯವರೇ ಆದ, ರಾಯಚೂರಿನ ರಂಗಮಂದಿರ ಹೆಸರು ಹೊತ್ತಿರುವ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರಂಥ ಗಾಯಕರ ಹಿಂದೆ ಒಂದು ಕೂದಲೆಳೆಯಷ್ಟು ತಡವಾಗಿ, ನೆರಳಿನ ಹಾಗೆ ಹಿಂಬಾಲಿಸುವುದು ಹುಡುಗಾಟವಲ್ಲ. ಬೆಳಗಾವಿಯ ಆರ್.ಕೆ. ಬಿಜಾಪುರೆಯವರಂಥವರು ಒಂದೇ ಕೈಯಲ್ಲಿ ಪೇಟಿಗೆ ಗಂಟಲು ಹಚ್ಚಿದರು. ಅದೂ ಎಂಥ ಕಾಲದಲ್ಲಿ? ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಸ್ವರಸ್ಥಾನ ಸರಿಯಿಲ್ಲ ಎಂಬುದು ತಕರಾರು. ಎರಡನೆಯದರಲ್ಲಿ ಹುರುಳಿದೆ. ಸ್ವರಗಳ ಅಂತರವನ್ನು ಸೆಂಟಿನಲ್ಲಿ ಅಳೆದರೆ, ತಂಬೂರಿಯಿಂದ ಹೊಮ್ಮುವ ಗಾಂಧಾರ ಷಡ್ಜದಿಂದ 386 ಸೆಂಟು ಮೇಲಿದ್ದರೆ ಪೇಟಿಯದು 400ಕ್ಕೆ ಕೂತಿರುತ್ತದೆ. ಆದರೆ ಆ ಎಲ್ಲ ಮನೆಗಳನ್ನೂ ಸಮ ದೂರದಲ್ಲಿ ಕೂರಿಸಿದ್ದು ಯಾವ ಕಾರ್ಡಿನಿಂದ ಯಾವ ಕಾರ್ಡಿಗಾದರೂ ಹೋಗಲು ಬರಲಿ ಎಂದು. ನಾವು ಆ ಸೌಲಭ್ಯದ ಬೆಲೆ ತೆತ್ತೆವು, ಸೌಲಭ್ಯವನ್ನು ಮಾತ್ರ ಮುಟ್ಟಲಿಲ್ಲ.

ಎಡಗೈಯನ್ನು ಮರಳಿ ತಂದವರು ಸಿನಿಮಾದವರು. ರಾಜನ್–ನಾಗೇಂದ್ರ ಗಿಟಾರನ್ನು ಕನ್ನಡದ ಮನೆಗೆ ಹೊಂದಿಸಿದರು, ಆದರೂ ಅವರಲ್ಲಿ ರಾಗವೇ ಯಜಮಾನ. ಕಾರ್ಡು ಸೆರಗು ಸರಿಪಡಿಸಿಕೊಂಡು ಹಿಂದೆ ನಿಲ್ಲುತ್ತದೆ. ಜಿ.ಕೆ. ವೆಂಕಟೇಶರ ಕೈಕೆಳಗೆ ಪಳಗಿದ ಇಳಯರಾಜ 1983ರ ‘ಪಲ್ಲವಿ ಅನುಪಲ್ಲವಿ’ಗೆ ಬರುವ ಹೊತ್ತಿಗೆ ಬೇಸ್ ಗಿಟಾರು ಹಾಡಿನ ಕೆಳಗೆ ತನ್ನದೇ ಎರಡನೆಯ ಹಾಡು ಹೇಳುತ್ತಿತ್ತು. ಅಲ್ಲಿಂದ ಮುಂದೆ ಒಂದು ಪಂಥವೇ ಹುಟ್ಟಬಹುದಿತ್ತು. ಹುಟ್ಟಲಿಲ್ಲ. 1987ರ ‘ಪ್ರೇಮಲೋಕ’ದಿಂದ ಹಂಸಲೇಖ ತಂದದ್ದು ಹೆಚ್ಚಾಗಿ ಲಯದ, ಮಾತಿನ ಹೊಸತನ. 2006ರ ‘ಮುಂಗಾರು ಮಳೆ’ಯ ನಂತರದ ಪ್ರೇಮಗೀತೆಗಳಲ್ಲಿ ಕಾರ್ಡು ಮೆತ್ತನೆಯ ಹಾಸಿಗೆಯಾಯಿತು. ಹಾಸಿಗೆ ಚೆನ್ನಾಗಿದೆ, ಆದರೆ ಮಲಗಿದವರು ಏಳುವುದಿಲ್ಲ. ನಾಲ್ಕು ಕಾರ್ಡು ಪಲ್ಲವಿಯಲ್ಲೂ ಚರಣದಲ್ಲೂ ಗಾಣದೆತ್ತಿನ ಹಾಗೆ ಸುತ್ತುತ್ತವೆ; ವಿರಹವಿದ್ದರೂ ಅವೇ, ಜಾತ್ರೆಯಿದ್ದರೂ ಅವೇ.

ಅನಿಮೆಯವರಲ್ಲೂ ಇದೇ ಕಾಯಿಲೆ ಇನ್ನೊಂದು ಬಗೆಯಲ್ಲಿದೆ. ಅಣ್ಣನ ಮಗ ಸಾಲಾಗಿ ಹತ್ತು ಹಾಡು ಕೇಳಿಸಿದ; ಐದನೆಯದಕ್ಕೆ ಪಲ್ಲವಿ ಬರುವ ಮೊದಲೇ ಮ-ಧ-ಸ ನನ್ನ ಬೆರಳಿಗೆ ಗೊತ್ತಾಗಿತ್ತು. ಹಂಬಲವನ್ನು ಪೊಟ್ಟಣ ಕಟ್ಟಿ ಮಾರಲು ಬರುತ್ತದೆ ಎಂದಾದ ಮೇಲೆ ಯಾರು ಬಿಡುತ್ತಾರೆ? ಕೊನೆಯ ಸುತ್ತಿಗೆ ಇಡೀ ಹಾಡನ್ನು ಅರ್ಧ ಸ್ವರ ಮೇಲಕ್ಕೆತ್ತುವುದಂತೂ ನಮ್ಮ ಆರ್ಕೆಸ್ಟ್ರಾದವರು ಹೊಗೆ ಬಿಟ್ಟ ಹಾಗೆ. ಆದರೂ ಅವರ ಸವಕಲು ಹಾಡಿನಲ್ಲಿ ಕೂಡ ಬುಡ ಏನೋ ಹೇಳಲು ಹೊರಟಿರುತ್ತದೆ. ನಮ್ಮದರಲ್ಲಿ ಬುಡ ಗೋಡೆಯ ಬಣ್ಣ.

ಬಣ್ಣ ತಪ್ಪಿದರೆ ಏನಾಗುತ್ತದೆಂಬುದನ್ನು ಒಂದು ಊರಿನ ಆರಾಧನೆಯಲ್ಲಿ ಕಂಡೆ. ಪೇಟಿಯ ಜಾಗಕ್ಕೆ ಕೀಬೋರ್ಡು ಬಂದಿತ್ತು. ಹುಡುಗ ಎಡಗೈಯ ಒಂದು ಬೆರಳು ಊರಿದರೆ ಯಂತ್ರ ತಾನೇ ಸ-ಗ-ಪ ಬಾರಿಸಿ ತಬಲಾವನ್ನೂ ಹಾಕುತ್ತಿತ್ತು. ಹೆಣ್ಣುಮಕ್ಕಳು ಎತ್ತಿಕೊಂಡದ್ದು ಭೈರವಿಯ ಪದ. ಅವರ ಕೊರಳಲ್ಲಿ ಕೋಮಲ ಗಾಂಧಾರ, ಸ್ಪೀಕರಿನಲ್ಲಿ ಶುದ್ಧ ಗಾಂಧಾರ. ಒಂದೇ ಗೂಡಿನಲ್ಲಿ ಎರಡು ಹಕ್ಕಿ ಕಚ್ಚಾಡಿದವು. ಎರಡನೆಯ ನುಡಿಗೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣು ಮುಚ್ಚಿ, ಯಂತ್ರಕ್ಕೆ ಕಿವಿಯೇ ಕೊಡದೆ, ತಮ್ಮ ಗಾಂಧಾರದಲ್ಲೇ ಗಟ್ಟಿಯಾಗಿ ನಿಂತರು. ಉಳಿದವರು ಅಜ್ಜಿಯನ್ನು ಹಿಡಿದುಕೊಂಡು ದಡ ಸೇರಿದರು.

ಆ ರಜೆಯ ಕೊನೆಯ ದಿನ ಅಣ್ಣನ ಮಗ ಒಂದು ಉಪಾಯ ಹೂಡಿದ. “ನೀವು ಗಾಳಿ ಹಾಕ್ರಿ ಕಾಕಾ, ನಂಗ ಎರಡೂ ಕೈ ಬೇಕು.” ಎದುರು ಕೂತು ನಾನು ತಿದಿ ಒತ್ತಿದೆ. ಅವನು ಬಲಗೈಯಲ್ಲಿ ಭೂಪದ ಒಂದು ದೇವರನಾಮವನ್ನು ನಿಧಾನಕ್ಕೆ ಹಿಡಿದ. ಎಡಗೈ ಆ ಬೆಳ್ಳನೆಯ ಮನೆಗಳ ಮೇಲೆ ಇಳಿಯಿತು. ಮ-ಧ-ಸ. ಚಿಕ್ಕಂದಿನಿಂದ ಕೇಳಿದ ಪದ ಯಾರದೋ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹಿಂತಿರುಗಿ ನೋಡಿದಂತಾಯಿತು. ಸರಿಯೋ ತಪ್ಪೋ ಹೇಳಲು ಬಾಯಿ ಬರಲಿಲ್ಲ. ತಿದಿ ನಿಲ್ಲಿಸಲೂ ಮನಸ್ಸಾಗಲಿಲ್ಲ. ಎರಡು ಸುತ್ತು, ಮೂರು ಸುತ್ತು. ಸ-ಗ-ಪ ಇನ್ನೂ ಬಂದಿರಲಿಲ್ಲ.

ಅಡಿಗೆ ಮನೆಯಿಂದ ಅವ್ವ ಕೂಗಿದಳು: “ಆಗಿಂದ ಬರೇ ಪೇಟಿ ಒತ್ತಕತ್ತೀರಲ್ಲ, ಹಾಡು ಯಾವಾಗ ಸುರು ಮಾಡ್ತೀರಿ?”