ವೆನಿಲ್ಲಾ ಹೂವಿನ ಅಂತರಪಟ

ವೆನಿಲ್ಲಾ ಬಳ್ಳಿ ಹಬ್ಬಿಸುವುದು ದೊಡ್ಡ ವಿದ್ಯೆಯೇನಲ್ಲ. ತುಂಡು ನೆಟ್ಟರೆ ಬೇರು ಬಿಡುತ್ತದೆ, ತಾಯಿಬಳ್ಳಿಯದೇ ಪಡಿಯಚ್ಚು. ಕೈಚಳಕ ಬೇಕಾಗುವುದು ಕಾಯಿ ಕಟ್ಟಿಸಲು. ಬೆಳಿಗ್ಗೆ ಅರಳಿದ ಹೂವು ಮಧ್ಯಾಹ್ನಕ್ಕೆಲ್ಲ ಬಾಡುತ್ತದೆ, ಹೊತ್ತು ಕಾಯುವುದಿಲ್ಲ.

ಮಲೆನಾಡಿನ ತೋಟವೊಂದರಲ್ಲಿ ಒಬ್ಬ ಅಕ್ಕ ಎಡಗೈಯಲ್ಲಿ ಹೂ ಹಿಡಿದು, ಚೂಪು ಕಡ್ಡಿಯಿಂದ ತುಟಿಯಂಥ ಎಸಳನ್ನು ಸೀಳಿದರು. ಒಳಗೆ ಗಂಡು ಹೆಣ್ಣಿನ ನಡುವೆ ತೆಳುವಾದೊಂದು ಪೊರೆ, ಥೇಟ್ ಮದುವೆಯ ಅಂತರಪಟ. ಅದನ್ನು ಕಡ್ಡಿಯಿಂದ ಮೇಲೆತ್ತಿ, ಪರಾಗದ ಮುದ್ದೆಯನ್ನು ಹೆಬ್ಬೆರಳಿನಿಂದ ಶಲಾಕಾಗ್ರಕ್ಕೆ ಮೆಲ್ಲಗೆ ಒತ್ತಿದರು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಿನ ಹೂವಿಗೆ ಹೋಗಿಯಾಗಿತ್ತು!

1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಈ ಉಪಾಯ ಕಂಡುಕೊಂಡವನು ಎಡ್ಮಂಡ್ ಆಲ್ಬಿಯಸ್. 12 ವರ್ಷದ ಹುಡುಗ, ಅದೂ ಗುಲಾಮ.

ಪರಾಗ ತಾಗದ ಹೂ ಒಂದೆರಡು ದಿನದಲ್ಲಿ ಉದುರುತ್ತದೆ. ಫಲಿಸಿದ್ದು ಎಳೆಗಾಯಿಯ ತುದಿಗೇ ಅಂಟಿಕೊಂಡು ಒಣಗುತ್ತದೆ.