ಪಾಸ್ಕಲ್ ನಿಯಮವೂ ಬ್ರೇಕಿನ ಕೊಳವೆಯೂ

ಪಾಸ್ಕಲ್ ನಿಯಮದ ಪಾಠ ಮುಗಿಸುವಾಗ ನಾವು ಅಧ್ಯಾಪಕರು ಸಾಮಾನ್ಯವಾಗಿ ಎರಡು ಉದಾಹರಣೆ ಕೊಡುತ್ತೇವೆ: ದ್ರವಚಾಲಿತ ಜಾಕ್ ಮತ್ತು ಕಾರಿನ ಬ್ರೇಕ್. ನಮ್ಮ ಪಿಯುಸಿ ವಿದ್ಯಾರ್ಥಿಗಳು ಓದುವ ಎನ್‌ಸಿಇಆರ್‌ಟಿ ಹನ್ನೊಂದನೆಯ ತರಗತಿಯ ಭೌತವಿಜ್ಞಾನ ಪುಸ್ತಕದಲ್ಲಿಯೂ ಬ್ರೇಕಿನ ವಿವರಣೆ ಇದೆ. ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಸರಿಯುತ್ತದೆ. ಒತ್ತಡವು ಎಣ್ಣೆಯ ಮೂಲಕ ಸಾಗಿ ದೊಡ್ಡ ಪಿಸ್ಟನ್ನಿನ ಮೇಲೆ ದೊಡ್ಡ ಬಲವಾಗುತ್ತದೆ. ನಾಲ್ಕೂ ಗಾಲಿಗಳಿಗೆ ಒತ್ತಡ ಸಮನಾಗಿ ತಲಪುವುದರಿಂದ ತಡೆಯುವ ಪರಿಣಾಮವೂ ಸಮ, ಇದೇ ದೊಡ್ಡ ಅನುಕೂಲ ಎಂಬುದು ಅದರ ಸಾರಾಂಶ. ಇಪ್ಪತ್ತೈದು ವರ್ಷ ನಾನೂ ಹೀಗೆಯೇ ಪಾಠ ಹೇಳಿದೆ. ಈಗ ಅದು ಅರ್ಧ ಪಾಠ ಎನಿಸುತ್ತಿದೆ.

ಹಾಗೆ ಅನಿಸಲು ಕಾರಣವಿದೆ. ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳು ಸ್ಪರ್ಧೆಗೆಂದು ತಾವೇ ಕಟ್ಟಿದ ಪುಟ್ಟ ವಾಹನವನ್ನು ತೋರಿಸಲು ಕರೆದಿದ್ದರು. "ಲೆಕ್ಕ ಸರಿಯಿದೆ ಸಾರ್, ಬ್ರೇಕ್ ಮಾತ್ರ ಹಿಡಿಯುತ್ತಿಲ್ಲ" ಎಂದರು. ಮೊದಲ ಒತ್ತಿಗೆ ಪೆಡಲು ನೆಲ ಮುಟ್ಟುತ್ತಿತ್ತು. ಮೂರು ನಾಲ್ಕು ಬಾರಿ ಒತ್ತಿದ ಮೇಲೆ ಗಟ್ಟಿಯಾಗುತ್ತಿತ್ತು. ಎಲ್ಲಿಯೂ ಸೋರಿಕೆ ಇರಲಿಲ್ಲ. ಕೊಳವೆಯನ್ನು ಚೌಕಟ್ಟಿನ ಮೇಲಿನ ಸರಳಿನ ಮೇಲೆ ಹತ್ತಿಸಿ, ಗೂನಿನಂತೆ ಬಗ್ಗಿಸಿ ಇಳಿಸಿದ್ದರು. ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು.

ಮನೆಯಲ್ಲೇ ಕಾರು ಕಟ್ಟುವ ಹವ್ಯಾಸ ಬ್ರಿಟನ್ನಿನಲ್ಲಿ ಹಳೆಯದು. ಕಾಲಿನ್ ಚಾಪ್ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳ ಕಿಟ್ ಆಗಿಯೂ ಕೊಳ್ಳಬಹುದಿತ್ತು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ರಾನ್ ಚಾಂಪಿಯನ್ 1996ರಲ್ಲಿ ಬರೆದ ಪುಸ್ತಕದ ನೆರವಿನಿಂದ ಅನೇಕರು ಹಳೆಯ ಫೋರ್ಡ್ ಎಸ್ಕಾರ್ಟ್‌ನ ಭಾಗಗಳಿಂದ ಅದೇ ಮಾದರಿಯ ಕಾರು ಕಟ್ಟಿದರು. ಅಲ್ಲಿ ಇಂಥ ಕಾರು ರಸ್ತೆಗಿಳಿಯುವ ಮುನ್ನ ಪ್ರತ್ಯೇಕ ತಪಾಸಣೆಗೆ ಒಳಗಾಗಬೇಕು. ಈಗಿನ ಪದ್ಧತಿ 2009ರಲ್ಲಿ ಬಂತು. ಕಾರ್ಖಾನೆಯ ಕಾರಿನಲ್ಲಿ ಕೊಳವೆಯ ದಾರಿಯನ್ನು ಬೇರೆಯವರು ಯೋಚಿಸಿರುತ್ತಾರೆ. ಮನೆಯಲ್ಲಿ ಕಟ್ಟುವವನು ಅದನ್ನು ತಾನೇ ನಿರ್ಧರಿಸಬೇಕು. ಪಠ್ಯಪುಸ್ತಕ ಬಿಟ್ಟ ಅರ್ಧ ಪಾಠ ಅವನಿಗೆ ಬೇಕಾಗುವುದು ಇಲ್ಲಿಯೇ.

ಗಾಳಿಯ ಲೆಕ್ಕವನ್ನೇ ನೋಡೋಣ. ಪಾದದ ಬಲ 300 ನ್ಯೂಟನ್, ಪೆಡಲಿನ ಸನ್ನೆ ಅನುಪಾತ 5, ಮಾಸ್ಟರ್ ಸಿಲಿಂಡರಿನ ವ್ಯಾಸ 19 ಮಿ.ಮೀ. ಎಂದುಕೊಳ್ಳಿ. ಆಗ ಒತ್ತಡ ಸುಮಾರು 5.3 ಮೆಗಾಪಾಸ್ಕಲ್, ಅಂದರೆ 52 ವಾಯುಮಂಡಲಗಳಷ್ಟು. ಪಿಸ್ಟನ್ 25 ಮಿ.ಮೀ. ಸರಿದರೆ ಅದು ತಳ್ಳುವ ಎಣ್ಣೆ ಸುಮಾರು 7 ಘನ ಸೆಂ.ಮೀ. ಮಾತ್ರ. ಕೊಳವೆಯ ಒಳವ್ಯಾಸ 3.3 ಮಿ.ಮೀ. ಇದ್ದು, ಅದರ 35 ಸೆಂ.ಮೀ. ಉದ್ದದಲ್ಲಿ ಗಾಳಿ ನಿಂತಿದ್ದರೆ ಆ ಗಾಳಿಯ ಗಾತ್ರ 3 ಘನ ಸೆಂ.ಮೀ. ಬಾಯ್ಲನ ನಿಯಮದಂತೆ 52 ವಾಯುಮಂಡಲದ ಒತ್ತಡಕ್ಕೆ ಅದು 0.1 ಘನ ಸೆಂ.ಮೀ.ಗಿಂತಲೂ ಕಡಿಮೆಗೆ ಕುಗ್ಗುತ್ತದೆ. ಹಾಗಾಗಿ 7ರಲ್ಲಿ ಸುಮಾರು 3 ಪಾಲು ಎಣ್ಣೆ ಗಾಳಿಯನ್ನು ಒತ್ತಲಿಕ್ಕೇ ಖರ್ಚಾಯಿತು. ಪಾಸ್ಕಲ್ ನಿಯಮ ಇಲ್ಲಿ ಎಲ್ಲಿಯೂ ತಪ್ಪಿಲ್ಲ. ಅದು ಒತ್ತಡದ ಮಾತನ್ನು ಹೇಳುತ್ತದೆ. ಗಾತ್ರದ ಮಾತನ್ನು ನಾವು ಸೇರಿಸಬೇಕು. ಗೂನುಗಳಿಲ್ಲದ ದಾರಿ ಏಕೆ ಬೇಕೆಂದು ಆಗ ತಾನಾಗಿ ತಿಳಿಯುತ್ತದೆ.

ಶಾಖದ್ದೂ ಇದೇ ಕಥೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದು ತೇವವನ್ನು ಹೀರುವ ದ್ರವ. ತೇವ ಸೇರಿದ ದ್ರವಕ್ಕೆ ನಿಗದಿಯಾದ ಕನಿಷ್ಠ ಮಿತಿ 155 ಡಿಗ್ರಿ. ಎಂಜಿನ್ನಿನ ಹೊಗೆ ಕೊಳವೆಯ ಪಕ್ಕದಲ್ಲಿ ಬ್ರೇಕಿನ ಕೊಳವೆ ಹಾಯ್ದರೆ ದ್ರವ ಕುದಿದು ಆವಿಯಾಗಬಹುದು. ಆವಿಯೂ ಗಾಳಿಯಂತೆ ಕುಗ್ಗುತ್ತದೆ.

ಕೊಳವೆ ಒತ್ತಡಕ್ಕೆ ಒಡೆದೀತೆಂಬ ಭಯ ವಿದ್ಯಾರ್ಥಿಗಳಿಗೆ ಸಹಜ. 4.75 ಮಿ.ಮೀ. ಹೊರವ್ಯಾಸ, 0.7 ಮಿ.ಮೀ. ದಪ್ಪದ ಉಕ್ಕಿನ ಕೊಳವೆಯಲ್ಲಿ 10 ಮೆಗಾಪಾಸ್ಕಲ್ ಒತ್ತಡವಿದ್ದರೂ ಗೋಡೆಯಲ್ಲಿನ ಪೀಡನ ಸುಮಾರು 24 ಮೆಗಾಪಾಸ್ಕಲ್. ಮೆದು ಉಕ್ಕು ಸುಮಾರು 200ರವರೆಗೂ ತಡೆಯುತ್ತದೆ. ಅದನ್ನು ಕೆಡಿಸುವುದು ತುಕ್ಕು, ಉಜ್ಜಾಟ ಮತ್ತು ಕಂಪನ. ಆ ವಾಹನದಲ್ಲಿ ಪ್ಲಾಸ್ಟಿಕ್ ಪಟ್ಟಿಯಿಂದ ಸಡಿಲವಾಗಿ ಕಟ್ಟಿದ ಒಂದು ಕಡೆ ಬಣ್ಣ ಸವೆದು ಲೋಹ ಹೊಳೆಯುತ್ತಿದ್ದುದನ್ನೂ ನಾನು ಕಂಡೆ. ಎರಡು ಹಿಡಿಕೆಗಳ ನಡುವಿನ ಅಂತರ ಅರ್ಧವಾದರೆ ಕೊಳವೆಯ ಸಹಜ ಆವೃತ್ತಿ ನಾಲ್ಕು ಪಟ್ಟಾಗುತ್ತದೆ. ಎಂಜಿನ್ ಮತ್ತು ರಸ್ತೆಯ ಕಂಪನಗಳೊಡನೆ ಅನುರಣನಗೊಳ್ಳುವ ಸಂಭವ ಕಡಿಮೆಯಾಗುತ್ತದೆ. ಹತ್ತಿರ ಹತ್ತಿರ ಹಿಡಿಕೆ, ತಗಡಿನ ರಂಧ್ರ ದಾಟುವಲ್ಲಿ ರಬ್ಬರಿನ ಬಳೆ, ಚೌಕಟ್ಟಿನ ತಳಕ್ಕಿಂತ ಕೆಳಗೆ ಜೋಲದ ದಾರಿ, ತಿರುಗುವ ಪ್ರೊಪೆಲ್ಲರ್ ಶಾಫ್ಟಿನಿಂದ ದೂರ: ಇವೆಲ್ಲಕ್ಕೂ ಕಾರಣ ಭೌತವಿಜ್ಞಾನದಲ್ಲೇ ಇದೆ. ಚೌಕಟ್ಟಿನಿಂದ ಗಾಲಿಗೆ ಹೋಗುವ ಮೆದು ನಳಿಕೆಯನ್ನು ಗಾಲಿ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಸರಿದ ಎಲ್ಲ ಸ್ಥಿತಿಗಳಲ್ಲೂ ಪರೀಕ್ಷಿಸಬೇಕು. ಅದು ಎಳೆಯಬಾರದು, ತಿರುಚಬಾರದು, ಟೈರಿಗೆ ತಾಗಬಾರದು.

ಇನ್ನು 'ನಾಲ್ಕೂ ಗಾಲಿಗಳಿಗೆ ಸಮ' ಎಂಬ ಮಾತು. ಒತ್ತಡ ಸಮವಿರಬಹುದು, ತಡೆಯುವ ಬಲ ಸಮವಿರಬೇಕಾಗಿಲ್ಲ. ವೇಗ ಕುಗ್ಗುವಾಗ ಭಾರ ಮುಂದಿನ ಗಾಲಿಗಳ ಕಡೆ ವಾಲುತ್ತದೆ. ಹಿಂದಿನ ಗಾಲಿಗಳು ಮೊದಲು ಕಚ್ಚಿ ನಿಂತರೆ ಕಾರು ಗಿರಕಿ ಹೊಡೆಯುತ್ತದೆ. ಆದ್ದರಿಂದ ಹೆಚ್ಚಿನ ಬಲ ಮುಂದಿನ ಗಾಲಿಗಳಿಗೆ ಸಿಗುವಂತೆ ಪಿಸ್ಟನ್ನುಗಳ ಅಳತೆಯನ್ನು ಆರಿಸುತ್ತಾರೆ. ಮತ್ತೊಂದು ವಿಷಯ: ಒಂದೇ ಕೊಳವೆ ಜಾಲದಲ್ಲಿ ಒತ್ತಡ ಎಲ್ಲೆಡೆ ಸಮವೆಂದರೆ ಒಂದು ಕಡೆ ಸೋರಿದಾಗ ಎಲ್ಲೆಡೆ ಸಮನಾಗಿ ಇಲ್ಲವಾಗುತ್ತದೆ. ಪುಸ್ತಕ ಹೇಳುವ ಅನುಕೂಲವೇ ಇಲ್ಲಿ ಅಪಾಯ. ಹಾಗಾಗಿಯೇ ಇಂದಿನ ಕಾರುಗಳಲ್ಲಿ ಎರಡು ಸ್ವತಂತ್ರ ಜಾಲಗಳಿರುತ್ತವೆ. ನಮ್ಮ ವಿದ್ಯಾರ್ಥಿಗಳು ಭಾಗವಹಿಸುವ ಬಾಹಾ ಸ್ಪರ್ಧೆಯ ನಿಯಮಗಳೂ ಅದನ್ನೇ ಕೇಳುತ್ತವೆ, ಪ್ಲಾಸ್ಟಿಕ್ ಕೊಳವೆಯನ್ನು ನಿಷೇಧಿಸುತ್ತವೆ.

ಪಠ್ಯಪುಸ್ತಕದ ಲೇಖಕರನ್ನು ದೂರುವುದು ನನ್ನ ಉದ್ದೇಶವಲ್ಲ. ಒಂದು ಪ್ಯಾರಾದಲ್ಲಿ ಎಲ್ಲವನ್ನೂ ಹೇಳಲಾಗದು. ಉಳಿದುದನ್ನು ತರಗತಿಯಲ್ಲಿ ಪೂರೈಸಬಹುದು. ಸೂಜಿಯಿಲ್ಲದ ಎರಡು ಸಿರಿಂಜುಗಳನ್ನು ಪಾರದರ್ಶಕ ನಳಿಕೆಯಿಂದ ಜೋಡಿಸಿ ನೀರು ತುಂಬಿ. ಒಂದನ್ನು ಒತ್ತಿದರೆ ಇನ್ನೊಂದು ಕೂಡಲೇ ಏಳುತ್ತದೆ. ಈಗ ನಳಿಕೆಯಲ್ಲಿ ಗೂನು ಮಾಡಿ ಸ್ವಲ್ಪ ಗಾಳಿ ಬಿಡಿ, ಎರಡನೆಯದರ ಮೇಲೆ ಭಾರವಿಟ್ಟು ಒತ್ತಿ. ಬೆರಳಿಗೆ ಆಗುವ ಆ ಮೆತ್ತನೆಯ ಅನುಭವವನ್ನು ವಿದ್ಯಾರ್ಥಿಗಳು ಮರೆಯುವುದಿಲ್ಲ. ಅವರಲ್ಲೊಬ್ಬರು ಮುಂದೆ ವಾಹನ ಕಟ್ಟಿದಾಗ, ಲೆಕ್ಕ ಮುಗಿಸಿದ ಮೇಲೆ ಬಗ್ಗಿ ಕೊಳವೆಯ ದಾರಿಯನ್ನೂ ನೋಡಿಯಾರು.