ಪ್ಲೇಟು ಯಾವ ಮುಳ್ಳು ಕೇಳುತ್ತದೆ?

ರೆಕಾರ್ಡ್ ಪ್ಲೇಯರಿನ ಮುಳ್ಳು ಹೊತ್ತ ಕಾರ್ಟ್ರಿಡ್ಜುಗಳ ಮಾತು ಬಂದರೆ ಬಲ್ಲವರು ಒಂದು ಪಂಕ್ತಿಭೇದವನ್ನೇ ಮುಂದಿಡುತ್ತಾರೆ: ಕೊನೆಯ ಎಲೆ ಸೆರಾಮಿಕ್‌ಗೆ, ನಡುವಿನದು ಮೂವಿಂಗ್ ಮ್ಯಾಗ್ನೆಟ್‌ಗೆ, ಮೊದಲನೆಯದು ಮೂವಿಂಗ್ ಕಾಯಿಲ್‌ಗೆ. ಕಾರ್ಟ್ರಿಡ್ಜನ್ನಷ್ಟೇ ಅಳೆಯುವ ಈ ಲೆಕ್ಕ ಅದರಡಿ ತಿರುಗುವ ಪ್ಲೇಟನ್ನು ವಿಚಾರಿಸುವುದೇ ಇಲ್ಲ. ಸಾತನೂರಿನಂಥ ಊರಿನ ಅಟ್ಟದಲ್ಲಿ ಸಿಗಬಹುದಾದ ಪ್ಲೇಟುಗಳಾದರೂ ಎಂಥವು? ನಾಟಕ ಕಂಪನಿಗಳ ಕಾಲದ, ಅರಗಿನಿಂದ ಮಾಡಿದ 78ರ ಪ್ಲೇಟುಗಳು. ಮದುವೆ ಚಪ್ಪರದಲ್ಲಿ, ಜಾತ್ರೆಯಲ್ಲಿ ಮೈಕ್‌ಸೆಟ್ಟಿನವರು ಹಾಕಿ ಹಾಕಿ ಸವೆಸಿದ ಸಿನಿಮಾ ಹಾಡುಗಳು. ಇದೇ ಸೀಮೆಯ ರಾಮನಗರದ ಬಂಡೆಗಳ ನಡುವೆ ತೆಗೆದು 1975ರಲ್ಲಿ ತೆರೆಗೆ ಬಂದ ‘ಶೋಲೆ’ಯ ಸಂಭಾಷಣೆ, ಪಾಲಿಡಾರ್ ಕಂಪನಿ ಪ್ಲೇಟು ಮಾಡಿ ಮಾರಿದ್ದು. ಇವುಗಳಿಗೆ ನಡುಪಂಕ್ತಿಯ ಮ್ಯಾಗ್ನೆಟ್ಟೇ ಮೇಲು.

ಸೆರಾಮಿಕ್ಕನ್ನು ಹಳಿಯುವವರು ಅದರ ಉಪಕಾರ ಮರೆಯುತ್ತಾರೆ. ಅದುಮಿದರೆ ವಿದ್ಯುತ್ ಹುಟ್ಟಿಸುವ ವಸ್ತು ಅದರೊಳಗಿದೆ. ನೂರಾರು ಮಿಲಿವೋಲ್ಟ್ ಕೊಡುವುದರಿಂದ ಪ್ರೀಆಂಪಿನ ಹಂಗಿಲ್ಲ, ಆಂಪ್ಲಿಫೈಯರಿಗೆ ನೇರ ಸಿಕ್ಕಿಸಿದರೆ ಸಾಕು. (ಅದಕ್ಕಿಂತ ಹಿಂದಿನ ಕ್ರಿಸ್ಟಲ್ ಕಾರ್ಟ್ರಿಡ್ಜಿನಲ್ಲಿದ್ದದ್ದು ರೋಶೆಲ್ ಉಪ್ಪು. ಮಳೆಗಾಲದ ತೇವಕ್ಕೆ ಉಪ್ಪು ಏನಾಗುತ್ತದೆಂದು ಅಡುಗೆಮನೆಯವರನ್ನು ಕೇಳಬೇಕು.) ಆದರೆ ಆ ಜೋರಿಗೆ ಬೆಲೆ ತೆತ್ತದ್ದು ಪ್ಲೇಟು. ನಾಲ್ಕೈದು ಗ್ರಾಂ ಭಾರದ ಬಿರುಸು ಮುಳ್ಳು ಗೀರನ್ನು ಉಳುತ್ತಾ ಹೋದಂತೆ ಮೊದಲು ಅಳಿಯುವುದು ಸಣ್ಣ ಅಲೆಗಳು. ಕಿವಿಗೆ ‘ಸ’, ‘ಶ’ಗಳು ಒಡೆದು ಕೇಳುತ್ತವೆ. ಸಂಭಾಷಣೆಯ ಪ್ಲೇಟಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಹೇಗೂ ಸವೆದದ್ದು, ಇನ್ನೇನು ಕೆಡುತ್ತದೆ ಎನ್ನುವುದು ಸೋಮಾರಿಗಳ ವಾದ. ಸವೆದದ್ದಕ್ಕೇ ಹಗುರ ಕೈ ಬೇಕು.

ಮೂವಿಂಗ್ ಕಾಯಿಲ್ ಪರವಾದ ವಾದ ಇಷ್ಟು ಹಗುರದ್ದಲ್ಲ. ಮುಳ್ಳಿನ ಜೊತೆ ಅಯಸ್ಕಾಂತದ ಬದಲು ಪುಟ್ಟ ತಂತಿಸುರುಳಿ ಅಲುಗುವುದರಿಂದ ಅದು ಸೂಕ್ಷ್ಮವನ್ನು ಚುರುಕಾಗಿ ಹಿಡಿಯುತ್ತದೆ, ನಿಜ. ಆದರೆ ಆ ಹೊಗಳಿಕೆಯಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಸುರುಳಿಗಲ್ಲ, ಅದರ ಜೊತೆ ಸಾಮಾನ್ಯವಾಗಿ ಬರುವ ನಯವಾದ ಮೊನೆಗೆ. ಎಲ್‌ಪಿಯ ಅಂಚಿನಲ್ಲಿ ಗೀರು ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ, ನಡುವಿಗೆ ಬರುವಷ್ಟರಲ್ಲಿ ಅದು 20ರ ಆಸುಪಾಸಿಗೆ ಇಳಿದು ಅಲೆಗಳು ಒತ್ತೊತ್ತಾಗುತ್ತವೆ. ಅಲ್ಲಿ ಗುಂಡು ಮೊನೆ ಎಡವುತ್ತದೆ, ಮೊಟ್ಟೆಯಾಕಾರದ್ದು ನಿಭಾಯಿಸುತ್ತದೆ. ಆ ಮೊನೆ ಮ್ಯಾಗ್ನೆಟ್ಟಿಗೂ ಸಿಗುತ್ತದೆ. ಇನ್ನು ಕಾಯಿಲ್ ಸಾಮಾನ್ಯವಾಗಿ ಕೊಡುವುದು ಅರ್ಧ ಮಿಲಿವೋಲ್ಟಿನೊಳಗೆ, ಅದನ್ನು ಏರಿಸಲು ಬೇರೆ ಸಲಕರಣೆ ಬೇಕು. ಮೊನೆ ಸವೆದರೆ ಇಡೀ ಕಾರ್ಟ್ರಿಡ್ಜೇ ರಿಪೇರಿಗೆ ಹೋಗಬೇಕು. ಮ್ಯಾಗ್ನೆಟ್ಟಿನ ಮುಳ್ಳನ್ನಾದರೋ ಬೆರಳಲ್ಲೇ ಕಳಚಬಹುದು: 78ರ ಅಗಲ ಗೀರಿಗೆ 75 ಮೈಕ್ರಾನಿನದು, ಎಲ್‌ಪಿಗೆ 18ರದು, ದೇಹ ಒಂದೇ. ಶ್ಯೂರ್ ಕಂಪನಿ 2018ರಲ್ಲಿ ಕಾರ್ಟ್ರಿಡ್ಜ್ ತಯಾರಿಕೆ ನಿಲ್ಲಿಸಿದ ಮೇಲೂ ಅದರ ಹಳೆಯ ಮಾದರಿಗಳಿಗೆ ಜಪಾನಿನ ಜಿಕೋ ಮುಳ್ಳು ಒದಗಿಸುತ್ತಿದೆ. ಹೀಗೆ ಮುಳ್ಳು ಬದಲಿಸುವುದರ ಅನುಕೂಲ ಬರೀ ಕಾಸಿನದಲ್ಲ. ಎಷ್ಟೋ ಮದುವೆ ಕಂಡ ಪ್ಲೇಟಿನ ಗೀರಿನ ಗೋಡೆಯಲ್ಲೂ ಹಳೆಯ ಮುಳ್ಳು ತಾಗದ ಒಂದು ಪಟ್ಟಿ ಉಳಿದಿರಬಹುದು. ಅಳತೆ ತುಸು ಬದಲಾದ ಮೊನೆ ಅಲ್ಲಿ ಕೂತರೆ, ಅಳಿದೇ ಹೋಯಿತೆಂದುಕೊಂಡ ‘ಶ’ ಮತ್ತೆ ಕೇಳುತ್ತದೆ.